ನಾಸಿಕದ ದ್ರಾಕ್ಷಿ ತಿನ್ನದ ಹವಾಲ್ದಾರ

ಫೆಬ್ರುವರಿ ಬಂತೆಂದರೆ, ಮರಾಠಿ ನಾಡಿನ ಕಾರ್ಖಾನೆ ಊರಾದ ವಾಳೂಜ್‌ನ ನಮ್ಮ ಗಲ್ಲಿಯವರೆಲ್ಲ ಹವಾಲ್ದಾರ್ ಮನ್ಮಥಪ್ಪನವರಿಗೆ ಇದ್ದಕ್ಕಿದ್ದಂತೆ ನಮಸ್ಕಾರ ಹೊಡೆಯಲು ಶುರುಮಾಡುತ್ತೇವೆ. ದೇಶಭಕ್ತಿ ಉಕ್ಕುವ ತಿಂಗಳು ಜನವರಿ ಎಂದು ಸರ್ಕಾರ ತಿಳಿದುಕೊಂಡಿದೆ. ನಮಗೆ ಅದು ಫೆಬ್ರುವರಿಯಲ್ಲಿ ಉಕ್ಕುತ್ತದೆ. ಆ ತಿಂಗಳ ಎರಡನೇ ವಾರ ನಾಸಿಕದಿಂದ ಅವರ ಹೆಸರಿಗೆ ಹತ್ತು ಕಿಲೋ ದ್ರಾಕ್ಷಿಯ ಪೆಟ್ಟಿಗೆ ಬರುತ್ತದೆ. ಮೇಲೆ ಕೆಂಪು ಮಸಿಯಲ್ಲಿ ‘ವೀರ ಜವಾನ್ ಮನ್ಮಥಪ್ಪಾ’ ಎಂದು ದಪ್ಪಗೆ ಬರೆದಿರುತ್ತದೆ. ಆ ಪೆಟ್ಟಿಗೆಯಿಂದ ವೀರ ಜವಾನರು ಒಂದು ಹಣ್ಣನ್ನೂ ಬಾಯಿಗೆ ಹಾಕುವುದಿಲ್ಲ.

“ನನಗ ದ್ರಾಕ್ಷಿ ಆಗಂಗಿಲ್ಲ. ನೆಗಡಿ ಆಗ್ತದ,” ಎನ್ನುತ್ತಾರೆ.

ಹದಿನೇಳು ವರ್ಷ ಪಲ್ಟನ್ನಿನಲ್ಲಿದ್ದು, ಅದರಲ್ಲಿ ಅರ್ಧ ಹಿಮದಲ್ಲಿ ಕಳೆದು ಬಂದ ಮನುಷ್ಯನಿಗೆ ದ್ರಾಕ್ಷಿಯಿಂದ ನೆಗಡಿ ಹೇಗೆ ಬರುತ್ತದೆ ಎಂದು ಕೇಳುವಷ್ಟು ಮೂರ್ಖರು ನಮ್ಮ ಗಲ್ಲಿಯಲ್ಲಿ ಇಲ್ಲ. ಅವರ ಹೆಂಡತಿ ಕಸ್ತೂರಿಬಾಯಿ ಸ್ಟೀಲಿನ ತಟ್ಟೆಗಳಲ್ಲಿ ಗೊಂಚಲು ಹಾಕಿ ಮನೆಮನೆಗೂ ಹಂಚುತ್ತಾರೆ. ನಾವು ವೀರಾವೇಶದಿಂದ ತಿನ್ನುತ್ತೇವೆ. ತೊಟ್ಟು ಎಸೆಯುವಾಗ ಜೈ ಹಿಂದ್ ಎನ್ನುವವರೂ ಇದ್ದಾರೆ.

ಮನ್ಮಥಪ್ಪನವರು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ವಯಸ್ಸು ಐವತ್ಮೂರು. ಪಲ್ಟನ್ನಿನಿಂದ ನಿವೃತ್ತರಾದ ಮೇಲೆ ವಾಳೂಜ್‌ನ ಗಾಡಿ ಬಿಡಿಭಾಗದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದರು. ಅಲ್ಲಿ ಅವರು ಹೂಡಿರುವ ಯುದ್ಧಗಳನ್ನು ಬರೆಯಲು ಹೊರಟರೆ ಹಾಳೆ ಸಾಲದು. ಕ್ಯಾಂಟೀನಿನ ಹಿಂದೆ ಬೀಡುಬಿಟ್ಟಿದ್ದ ಒಂಬತ್ತು ನಾಯಿಗಳ ಸೈನ್ಯವನ್ನು ಒಂದೇ ಮಧ್ಯಾಹ್ನದಲ್ಲಿ, ಒಂದು ಲಾಠಿ ಮತ್ತು ಅರ್ಧ ಪ್ಯಾಕೆಟ್ ಬಿಸ್ಕತ್ತಿನ ಬಲದಿಂದ ಗಡಿಪಾರು ಮಾಡಿದವರು ಅವರು. ಹೆಲ್ಮೆಟ್ ಇಲ್ಲದೆ ಒಳನುಗ್ಗಿದ ಮ್ಯಾನೇಜರನ ಮೋಟರ್‌ಸೈಕಲ್ಲನ್ನು ಗೇಟಿನಲ್ಲೇ ತಡೆದು, ಮ್ಯಾನೇಜರನನ್ನು ಮಾತ್ರ ನಡೆಸಿಕೊಂಡು ಒಳಗೆ ಬಿಟ್ಟವರೂ ಅವರೇ. ಇಂಥ ಮನುಷ್ಯ ದ್ರಾಕ್ಷಿಯ ಪೆಟ್ಟಿಗೆ ಕಂಡರೆ ಮಾತ್ರ, ಮಾಸ್ತರರು ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಡುತ್ತಾರೆ.

ಅವರ ನಿಜವಾದ ಸಾಹಸ ಇಪ್ಪತ್ತೆರಡು ವರ್ಷ ಹಳೆಯದು. ಅದು ನಮ್ಮ ಗಲ್ಲಿಯ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಗಡಿಯ ಒಂದು ಕಣಿವೆಯಲ್ಲಿ ಅವರ ತುಕಡಿಯ ಮೇಲೆ ಎದುರಿನ ಗುಡ್ಡದಿಂದ ಗುಂಡು ಸುರಿಯಿತು. ಎಲ್ಲರೂ ಕುರುಬರು ಕಟ್ಟಿದ ಒಂದು ಕಲ್ಲಿನ ಗೋಡೆಯ ಹಿಂದೆ ತೆವಳಿ ಬಂದರು. ಮೂವರು ಮಾತ್ರ ಗಾಯಗೊಂಡು ಬಯಲಿನಲ್ಲಿ ಉಳಿದರು. ಮೇಲಿನ ಚೌಕಿಯಿಂದ ನಮ್ಮವರ ಗುಂಡು ಶುರುವಾಗುವವರೆಗೆ ಯಾರೂ ಅಲ್ಲಾಡಕೂಡದು ಎಂದು ಕ್ಯಾಪ್ಟನ್ ಆಜ್ಞೆ ಮಾಡಿದ. ಮನ್ಮಥಪ್ಪ ಅಲ್ಲಾಡಿದರು. ಒಂದಲ್ಲ, ಮೂರು ಸಲ ಹೋದರು. ಮೂವರನ್ನೂ ಎಳೆದು ತಂದರು. ಪದಕದ ಜೊತೆ ಕೊಟ್ಟ ಕಾಗದದಲ್ಲಿ ಹೀಗಿದೆ: ‘ತನ್ನ ಪ್ರಾಣದ ಪರಿವೆಯಿಲ್ಲದೆ, ತುಟಿಯಿಂದ ಒಂದು ಶಬ್ದವನ್ನೂ ಹೊರಡಿಸದೆ, ಗುಂಡಿನ ಸುರಿಮಳೆಗೆ ಮರಳಿ ಮರಳಿ ನುಗ್ಗಿದ ಯೋಧ.’

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಗುರುಬಸವ ಈ ಕಾಗದವನ್ನು ವರ್ಷಕ್ಕೆ ಮೂರು ಸಲ, ಧ್ವಜ ಹಾರಿಸಿದಾಗಲೆಲ್ಲ, ಮೈಕಿನಲ್ಲಿ ಓದುತ್ತಾನೆ. ಅವನ ಕೈಯಲ್ಲಿ ಕಾಗದ ಬೆಳೆಯುತ್ತದೆ. ಮೂವರು ಸಂಗಾತಿಗಳು ಒಂದು ವರ್ಷ ಐವರಾದರು. ಹೋದ ಆಗಸ್ಟಿನಲ್ಲಿ ಏಳಾದರು. “ಇನ್ನೆರಡು ವರ್ಷ ತಡೀರಿ, ಇಡೀ ಪಲ್ಟನ್ನು ಹೊತ್ಕೊಂಡು ಬರ್ತಾರ,” ಎಂದು ನಾವು ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದೆವು. ವೇದಿಕೆಯ ಮೇಲಿದ್ದ ಮನ್ಮಥಪ್ಪ ನಗುತ್ತಿರಲಿಲ್ಲ. ತಮ್ಮ ಬೂಟಿನ ತುದಿ ನೋಡುತ್ತ ಕುಳಿತಿರುತ್ತಿದ್ದರು. ಅದನ್ನು ನಾವು ವಿನಯ ಎಂದುಕೊಂಡಿದ್ದೆವು.

ದ್ರಾಕ್ಷಿ ಕಳಿಸುವವನು ಆ ಮೂವರಲ್ಲಿ ಮೊದಲನೆಯವನು, ಸುಧಾಕರ. ನಾಸಿಕದ ಅಂಚಿನ ಮಖಮಲಾಬಾದಿನಲ್ಲಿ ಅವನದು ಎರಡೆಕರೆ ದ್ರಾಕ್ಷಿ ತೋಟ. ಎಡಗಾಲು ಮೊಣಕಾಲಿನ ಕೆಳಗೆ ಕೃತಕ. ಹೋದ ಡಿಸೆಂಬರಿನಲ್ಲಿ ಅವನ ಫೋನು ಬಂತು. ಅವನದು ಮರಾಠಿ; ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಅಪ್ಪಾ!” ಎಂದು ಕೂಗಿದ. ಪಲ್ಟನ್ನಿನಲ್ಲಿ ಮನ್ಮಥಪ್ಪನವರನ್ನು ಹಾಗೇ ಕರೆಯುತ್ತಿದ್ದರಂತೆ. “ಮೊಮ್ಮಗ ಹುಟ್ಟಿದ್ದಾನೆ ಕಣೋ! ಭಾನುವಾರ ತೊಟ್ಟಿಲಿಗೆ ಹಾಕ್ತೀವಿ. ಹೆಸರು ನಿಶ್ಚಯ ಮಾಡಿಬಿಟ್ಟೆ. ಮನ್ಮಥ! ನೀನು ಬರದೆ ಇದ್ದರೆ ತೊಟ್ಟಿಲು ತೂಗೋದೇ ಇಲ್ಲ. ನನ್ನ ದ್ರಾಕ್ಷಿ ತಿನ್ನೋ ನಿನ್ನ ಗಲ್ಲಿಯವರನ್ನೂ ಕರಕೊಂಡು ಬಾ.”

ಮನ್ಮಥಪ್ಪ ಫೋನು ಕೆಳಗಿಟ್ಟು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. “ಹೆಸರಿಡ್ತಾರಂದ್ರ ಖುಷಿ ಪಡೋದು ಬಿಟ್ಟು ಸೂತಕ ಹಿಡದವರಂಗ ಕುಂತಾರಲ್ಲ,” ಎಂದು ಕಸ್ತೂರಿಬಾಯಿ ಗಲ್ಲಿಗೆಲ್ಲ ಕೇಳುವಂತೆ ಬೈದರು. ಕೊನೆಗೆ ಭಾನುವಾರ ಬೆಳಿಗ್ಗೆ ಅವರಿಬ್ಬರೂ, ದ್ರಾಕ್ಷಿ ತಿಂದ ಗಲ್ಲಿಯ ಪ್ರತಿನಿಧಿಯಾಗಿ ನಾನೂ, ನಾಸಿಕದ ಬಸ್ಸು ಹತ್ತಿದೆವು.

ಕಸ್ತೂರಿಬಾಯಿ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತು, ಪಕ್ಕದವಳಿಗೆ ಮರಾಠಿಯಲ್ಲಿ ಗಂಡನ ಶೌರ್ಯವನ್ನು ವಿವರಿಸತೊಡಗಿದರು. ನಾವಿಬ್ಬರು ಹಿಂದೆ ಕುಳಿತೆವು. ವೈಜಾಪುರ ದಾಟಿದ ಮೇಲೆ ಮನ್ಮಥಪ್ಪ ಬಾಯಿ ಬಿಟ್ಟರು.

“ತಮ್ಮಾ, ನಾ ಅವನ ಸಲುವಾಗಿ ಹೋಗಿದ್ದಿಲ್ಲ.”

“ಎಲ್ಲಿಗ್ರಿ?”

“ಗುಂಡಿನಾಗ. ಸುಧ್ಯಾನ ಸಲುವಾಗಿ ಹೋಗಿದ್ದಿಲ್ಲ.”

“ಮತ್ತ ಯಾರ ಸಲುವಾಗಿ?”

ಅವರು ಅಂಗಿಯ ಮೇಲಿಂದ ಎದೆ ಮುಟ್ಟಿ ತೋರಿಸಿದರು. “ಇದರ ಸಲುವಾಗಿ.”

ಅಲ್ಲಿ ಅವರ ಇಷ್ಟಲಿಂಗವಿತ್ತು. ನನ್ನ ಲಿಂಗ ಮನೆಯ ಕಪಾಟಿನಲ್ಲಿ, ಆಧಾರ್ ಕಾರ್ಡಿನ ಪಕ್ಕದಲ್ಲಿ, ಅತ್ಯಂತ ಸುರಕ್ಷಿತವಾಗಿದೆ. ಮನ್ಮಥಪ್ಪನವರದು ಹಾಗಲ್ಲ. ಫೌಜಿಗೆ ಸೇರುವ ದಿನ ಅವರ ಅಜ್ಜಿ, ಕೊರಳಿನ ಶಿವದಾರ ಎಳೆದು ನೋಡಿ ಹೇಳಿದ್ದಳಂತೆ: “ಇದು ಮೈ ಬಿಟ್ಟು ಹೋದ್ರ, ಸಿಗೋತನ ಹನಿ ನೀರು ಮುಟ್ಟಬ್ಯಾಡ. ಸಿಗದಿದ್ರ ನೀನೂ ಉಳೀಬ್ಯಾಡ.” ಹತ್ತೊಂಬತ್ತರ ಹುಡುಗ ಅದನ್ನು ನೆತ್ತಿಯ ಮೇಲೆ ಹೊತ್ತುಕೊಂಡು ಹೋದ. ಶತ್ರುವಿಗೆ ಹೆದರುವ ಜಾಗದಲ್ಲೆಲ್ಲ ಅಜ್ಜಿಯೇ ತುಂಬಿಕೊಂಡಿದ್ದಳು.

ಆ ದಿನ ಗೋಡೆಯ ಹಿಂದೆ ಬಂದು ಬಿದ್ದ ಮೇಲೆ ಅವರು ಮೊದಲು ಮಾಡಿದ ಕೆಲಸ ಎದೆ ಮುಟ್ಟಿಕೊಂಡದ್ದು. ಶಿವದಾರ ಇರಲಿಲ್ಲ. ತೆವಳುವಾಗ ಎಲ್ಲೋ ಹರಿದು ಹೋಗಿತ್ತು. ಕ್ಯಾಪ್ಟನ್ ಕೂಗುತ್ತಿದ್ದ, ಗುಂಡು ಸಿಡಿಯುತ್ತಿತ್ತು, ಇವರಿಗೆ ಯಾವುದೂ ಕೇಳಿಸಲಿಲ್ಲ. ಬಂದ ದಾರಿಯಲ್ಲೇ ತೆವಳುತ್ತ ಹಿಂದೆ ಹೋದರು. ದಾರಿಯಲ್ಲಿ ಸುಧಾಕರ ಬಿದ್ದಿದ್ದ. ಇವರನ್ನು ಕಂಡು ಕೈ ಚಾಚಿ ಕೂಗಿದ. ಇವರು ಅವನನ್ನು ದಾಟಿ ಮುಂದೆ ಹೋದರು.

“ದಾಟಿ ಹೋದ್ರಾ?”

“ದಾಟಿ ಹೋದೆ.”

ಮುಂದೆ ಒಣಗಿದ ಹಳ್ಳ. ಆ ಹಳ್ಳದ ತುಂಬ ನುಣುಪಾದ, ಕಪ್ಪನೆಯ, ನೆಲ್ಲಿಕಾಯಿ ಗಾತ್ರದ ಕಲ್ಲುಗಳು. ಒಂದೊಂದೂ ಲಿಂಗದ ಹಾಗೆ. ತಲೆಯ ಮೇಲೆ ಗುಂಡು ಹಾರುತ್ತಿರುವಾಗ ನಮ್ಮ ಯೋಧರು ಹೊಟ್ಟೆಯ ಮೇಲೆ ಮಲಗಿ ಕಲ್ಲು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕೊನೆಗೆ ಒಂದು ಮುಳ್ಳುಗಂಟಿಗೆ ಲಿಂಗವಸ್ತ್ರ ಸಿಕ್ಕಿಕೊಂಡಿದ್ದು ಕಂಡಿತು, ಒಳಗೆ ಲಿಂಗವೂ ಇತ್ತು. ಜೇಬು ಹರಿದಿತ್ತು, ಕೈಯಲ್ಲಿ ಬಂದೂಕಿತ್ತು. ವಸ್ತ್ರದ ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಆಮೇಲೆ ತಿರುಗಿದರು. ಆಗ ಸುಧಾಕರನ ಮುಖ ಕಂಡಿತು.

‘ತುಟಿಯಿಂದ ಒಂದು ಶಬ್ದವನ್ನೂ ಹೊರಡಿಸದೆ’ ಎಂಬ ಮಾತಿನ ರಹಸ್ಯ ನನಗೆ ಯೇವಲಾ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ಶಬ್ದ ಹೊರಡಲು ಬಾಯಲ್ಲಿ ಜಾಗವಿರಲಿಲ್ಲ. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

“ಡಾಕ್ಟರ್ ಏನಂದ ಗೊತ್ತದ? ರಕ್ತ ಸ್ವಲ್ಪ ಮೊದಲ ಕಟ್ಟಿದ್ರ ಕಾಲು ಉಳೀತಿತ್ತು ಅಂದ.”

“ಹಂಗೇ ಅಂದ್ರಾ?”

“ಉಳೀತಿತ್ತೋ ಏನೋ, ಅಂದ,” ಎಂದು ಒಪ್ಪಿಕೊಂಡರು. ಆ ‘ಏನೋ’ವನ್ನು ಅವರು ಇಪ್ಪತ್ತೆರಡು ವರ್ಷ ಎಲ್ಲಿಯೋ ಬಚ್ಚಿಟ್ಟಿದ್ದರು.

“ಎಷ್ಟು ಹೊತ್ತು ಹುಡುಕಿದ್ರಿ?”

“ಮೊದಮೊದಲು ಐದು ನಿಮಿಷ ಇರಬೇಕು ಅನಸ್ತಿತ್ತು. ಆಮ್ಯಾಗ ಹತ್ತು ಅನಸ್ತು. ಈಗ ಇಪ್ಪತ್ತು ಅನಸ್ತದ.”

ಗುರುಬಸವನ ಮೈಕಿನಲ್ಲಿ ಸಂಗಾತಿಗಳು ಮೂರರಿಂದ ಏಳಾಗುತ್ತಿದ್ದಾಗ ಇವರ ಎದೆಯಲ್ಲಿ ನಿಮಿಷಗಳು ಐದರಿಂದ ಇಪ್ಪತ್ತಾಗಿದ್ದವು.

ಸುಧಾಕರನಿಗೆ ಇದೇನೂ ಗೊತ್ತಿಲ್ಲ. ಇವರು ತನ್ನನ್ನು ದಾಟಿ ಹೋದದ್ದನ್ನು ಅವನು ನೋಡಿದ್ದ, ಆದರೆ ಅದಕ್ಕೆ ಅವನದೇ ಅರ್ಥ ಮಾಡಿಕೊಂಡಿದ್ದ. ಶತ್ರುವಿನ ಗುಂಡನ್ನು ತನ್ನಿಂದ ಬೇರೆ ಕಡೆಗೆ ಸೆಳೆಯಲು ಅಪ್ಪಾ ಬೇಕೆಂದೇ ಮುಂದೆ ಹೋದ, ಅಲ್ಲಿ ಮಲಗಿ ಗುಂಡಿಗೆ ಎದೆಯೊಡ್ಡಿದ, ಆಮೇಲೆ ಬಂದು ತನ್ನನ್ನು ಎತ್ತಿದ. ಈ ಕಥೆಯನ್ನು ಅವನು ಆಸ್ಪತ್ರೆಯಲ್ಲೇ ಎಲ್ಲರಿಗೂ ಹೇಳಿಬಿಟ್ಟಿದ್ದ. ಹಾಸಿಗೆಯಲ್ಲಿ ಕಾಲಿಲ್ಲದೆ ಮಲಗಿದವನು ಕೈ ಹಿಡಿದು ಅಳುತ್ತಿದ್ದರೆ ಅಲ್ಲ ಎನ್ನುವುದು ಹೇಗೆ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರೊಳಗೆ ಪದಕ ಬಂತು. ಪದಕದ ಹಿಂದೆ ದ್ರಾಕ್ಷಿ ಬಂತು.

ಒಮ್ಮೆ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ತಪ್ಪು ಒಪ್ಪಿಕೊಂಡಿದ್ದರಂತೆ. ಎರಡು ತಪ್ಪುಗಳಲ್ಲಿ ಸಣ್ಣದನ್ನು. “ಲಿಂಗ ಹಲ್ಲಾಗ ಕಚ್ಚೀನಿ ಬುದ್ಧಿ, ಎಂಜಲಾತು,” ಎಂದರು. “ಶಿವನ ಹೆಸರು ಇರೋದೇ ಬಾಯಾಗಪ್ಪ, ಚಿಂತಿ ಬ್ಯಾಡ,” ಎಂದು ಸ್ವಾಮಿಗಳು ವಿಭೂತಿ ಕೊಟ್ಟು ಕಳಿಸಿದರು. ದೊಡ್ಡ ತಪ್ಪು ಹೊರಗೆ ಚಪ್ಪಲಿಯ ಜೊತೆ ಕಾಯುತ್ತ ನಿಂತಿತ್ತು, ಹಾಗೇ ಹಿಂದೆ ಬಂತು.

“ಪದಕ ಪೆಟ್ಟಿಗ್ಯಾಗ ಇಡಬಹುದು ತಮ್ಮಾ. ಕೂಸಿನ ಹೆಸರು ಎಲ್ಲಿಡ್ತಿ? ಅದನ್ನ ದಿನಾ ಕರೀತಾರ. ಇವತ್ತು ಹೆಸರಿಡೋದರೊಳಗ ಹೇಳಬೇಕು. ನೀ ಜೊತೀಗಿರು. ಇಲ್ಲಾಂದ್ರ ನಾ ಓಡಿ ಹೋಗ್ತೀನಿ.”

ಗುಂಡಿಗೆ ಹೆದರದ ಹವಾಲ್ದಾರರು ನನ್ನ ಮೊಣಕೈ ಹಿಡಿದುಕೊಂಡಿದ್ದರು. ನಿಫಾಡ್ ದಾಟುವವರೆಗೆ ಬಿಡಲಿಲ್ಲ.

ಮಖಮಲಾಬಾದಿನ ಮನೆಯಲ್ಲಿ ಶಾಮಿಯಾನ ಹಾಕಿದ್ದರು. ಸುಧಾಕರ ಕೃತಕ ಕಾಲಿನಲ್ಲೇ ಓಡುತ್ತ ಬಂದು ಮನ್ಮಥಪ್ಪನವರನ್ನು ತಬ್ಬಿ ನೆಲದಿಂದ ಎತ್ತಿದ. ಎತ್ತಿಕೊಂಡೇ ಬೀಗರಿಗೆ, ಪಕ್ಕದ ತೋಟದವರಿಗೆ, ಶಾಮಿಯಾನದವನಿಗೆ ತೋರಿಸಿದ. “ಇವನೇ ಅಪ್ಪಾ! ನನ್ನ ದಾಟಿ ಮುಂದೆ ಹೋಗಿ ಗುಂಡಿಗೆ ಎದೆಯೊಡ್ಡಿದ್ದು ಇವನೇ!” ಹೆಂಗಸರು ಬಂದು ಕಾಲಿಗೆ ಬಿದ್ದರು. ಮನ್ಮಥಪ್ಪ ಮುಳ್ಳಿನ ಮೇಲೆ ನಿಂತವರಂತೆ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದರು.

ಒಳಗಿನಿಂದ ಬಾಣಂತಿ, ಸುಧಾಕರನ ಸೊಸೆ ವೈಷ್ಣವಿ, ಕಾಕಾರನ್ನು ಕೂಸು ನೋಡಲು ಕರೆದಳು. ನಾನೂ ಬಾಗಿಲತನಕ ಹೋದೆ. ಹುಡುಗಿ ಜಾಣೆ. ಕೂಸನ್ನು ಕಸ್ತೂರಿಬಾಯಿಯ ಮಡಿಲಿಗೆ ಕೊಟ್ಟು, ಸದ್ದು ತಗ್ಗಿಸಿ ಹೇಳಿದಳು:

“ಕಾಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹೆಸರು ನಿಮಗೆ ಚೆನ್ನಾಗಿ ಒಪ್ಪುತ್ತೆ. ಆದರೆ ಈ ಕಾಲದಲ್ಲಿ, ಇಂಗ್ಲಿಷ್ ಶಾಲೆಯಲ್ಲಿ, ಮನ್ಮಥ ಅಂದರೆ ಹುಡುಗರು ಸುಮ್ನೆ ಬಿಡ್ತಾರಾ? ನಾವಿಬ್ಬರೂ ವರುಣ ಅಂತ ಅಂದುಕೊಂಡಿದ್ವಿ. ಮಾವನವರಿಗೆ ನೀವೊಂದು ಮಾತು ಹೇಳಿ. ನೀವು ಕೇಳಿದರೆ ಅವರು ಇನ್ನೊಂದು ಕಾಲೂ ಕೊಟ್ಟುಬಿಡ್ತಾರೆ.”

ತಮಾಷೆಗೆ ಹೇಳಿದ ಮಾತು. ಮನ್ಮಥಪ್ಪನವರ ಮುಖ ಬೂದಿಯಾಯಿತು.

ಆದರೆ ಅಂಗಳಕ್ಕೆ ಬರುವಷ್ಟರಲ್ಲಿ ಆ ಬೂದಿಯಲ್ಲಿ ಒಂದು ಆಸೆ ಹೊಗೆಯಾಡತೊಡಗಿತ್ತು. ನನಗೆ ಕಂಡಿತು. ಸೊಸೆಗೆ ಇಷ್ಟವಿಲ್ಲ ಎಂದು ಹೇಳಿದರೆ ಸಾಕು. ಹೆಸರೂ ತಪ್ಪುತ್ತದೆ, ಗುಟ್ಟೂ ಉಳಿಯುತ್ತದೆ, ಫೆಬ್ರುವರಿಯಲ್ಲಿ ದ್ರಾಕ್ಷಿಯೂ ಬರುತ್ತದೆ. ದ್ರಾಕ್ಷಿಯ ಪ್ರತಿನಿಧಿಯಾಗಿ ನಾನು ಈ ಯೋಜನೆಯನ್ನು ಮನಸ್ಸಿನಲ್ಲೇ ಅನುಮೋದಿಸಿದೆ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ತೋಟ ತೋರಿಸುತ್ತೇನೆಂದು ಸುಧಾಕರ ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋದ. ಡಿಸೆಂಬರಿನ ದ್ರಾಕ್ಷಿ, ಚಪ್ಪರದ ತುಂಬ ಹಸಿರು, ಗಟ್ಟಿ, ಬಟಾಣಿಯಂಥ ಕಾಯಿ. ಅದರ ಕೆಳಗೆ ತಲೆ ಬಗ್ಗಿಸಿ ನಡೆಯಬೇಕು. ಮನ್ಮಥಪ್ಪ ಮೊದಲು ಸುಲಭದ ದಾರಿ ಹಿಡಿದರು.

“ಸುಧ್ಯಾ, ಹೆಸರು ವರುಣ ಅಂತ ಇಡು. ಮಗ ಸೊಸೆಗೆ ಅದು ಇಷ್ಟ.”

“ಹುಡುಗರಿಗೆ ಏನು ಗೊತ್ತು?” ಸುಧಾಕರ ನಿಂತ. “ನಾನು ಗಡಿಯಲ್ಲಿದ್ದಾಗ ಈ ಕೂಸಿನ ಅಪ್ಪನಿಗೆ ನಾಲ್ಕು ವರ್ಷ. ಮಗ ಮತ್ತೆ ನನ್ನ ಮುಖ ನೋಡಿದ್ದು ನಿನ್ನ ದಯೆಯಿಂದ. ಈ ಮನೆಯಲ್ಲಿ ಮನ್ಮಥ ಅನ್ನೋ ಹೆಸರು ನಾನು ಸತ್ತಮೇಲೂ ಓಡಾಡ್ತಾ ಇರಬೇಕು. ಬೇರೆ ಮಾತು ಬೇಡ.”

ಸುಲಭದ ದಾರಿ ಮುಚ್ಚಿತು. ಮನ್ಮಥಪ್ಪ ಒಮ್ಮೆ ನನ್ನ ಕಡೆ ನೋಡಿದರು. ಓಡಿ ಹೋಗಬಹುದು ಎಂದು ನಾನು ಸ್ವಲ್ಪ ಅಡ್ಡ ನಿಂತೆ. ಅವರು ಓಡಲಿಲ್ಲ. ಅಟೆನ್ಶನ್‌ನಲ್ಲಿ ನಿಂತು, ತಲೆಗೆ ದ್ರಾಕ್ಷಿ ಗೊಂಚಲು ತಾಗುತ್ತಿದ್ದರೂ ಬಗ್ಗಿಸದೆ, ವರದಿ ಒಪ್ಪಿಸುವವರಂತೆ ಎಲ್ಲವನ್ನೂ ಹೇಳಿದರು. ಹರಿದ ಶಿವದಾರ, ಹಳ್ಳದ ಕಲ್ಲುಗಳು, ಮುಳ್ಳುಗಂಟಿ, ಹಲ್ಲಿನಲ್ಲಿದ್ದ ಗಂಟು, ಒಂದನ್ನೂ ಬಿಡಲಿಲ್ಲ. ಡಾಕ್ಟರ್ ಹೇಳಿದ್ದನ್ನೂ ಹೇಳಿದರು, ಈ ಸಲ ‘ಏನೋ’ ಸೇರಿಸಿ.

ಸುಧಾಕರ ತಲೆಕೆಳಗಾಗಿಟ್ಟ ಒಂದು ಕ್ರೇಟಿನ ಮೇಲೆ ಕುಳಿತ. ಬಹಳ ಹೊತ್ತು ತನ್ನ ಎಡಗಾಲಿನ ಬೂಟು ನೋಡಿದ. ಆಮೇಲೆ ಕೇಳಿದ.

“ನಾನು ಕೂಗಿದ್ದು ನಿನಗೆ ಕೇಳ್ತಾ?”

“ಕೇಳ್ತು.”

“ಎಷ್ಟು ಸಲ ಕೂಗಿದೆ?”

“ನಾಲ್ಕು.”

“ಐದು,” ಎಂದ ಸುಧಾಕರ. “ಐದನೇದು ನಿನ್ನ ತಾಯಿಯ ಮೇಲೆ ಬೈದಿದ್ದು. ಅದನ್ನ ಆಮೇಲೆ ಯಾರಿಗೂ ಹೇಳಲಿಲ್ಲ. ಗುಂಡಿಗೆ ಎದೆಯೊಡ್ಡಿದವನಿಗೆ ಬೈದೆನಲ್ಲ ಅಂತ ಇಷ್ಟು ವರ್ಷ ನನಗೇ ನಾಚಿಕೆ. ಪ್ರತಿ ಸಲ ಪೆಟ್ಟಿಗೆ ಕಟ್ಟುವಾಗ ಒಳ್ಳೊಳ್ಳೆ ಗೊಂಚಲು ಆರಿಸಿ ಮೇಲೆ ಇಡ್ತಿದ್ದೆ.”

ಎದ್ದ. ಕಾಲು ಕಿರ್ ಎಂದಿತು. ಮನೆಯ ಕಡೆ ನಡೆದು ಹೋದ. ನಮ್ಮನ್ನು ಬಾ ಎನ್ನಲಿಲ್ಲ.

ತೊಟ್ಟಿಲ ಶಾಸ್ತ್ರ ನಡೆಯಿತು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಲು ಬಗ್ಗಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಲು ಕೈ ಎತ್ತಿ ನಿಂತರು. ಸುಧಾಕರ ಗೋಡೆಯ ಕಡೆ ಮುಖ ಮಾಡಿ, “ವರುಣ ಅಂತ ಹೇಳಮ್ಮಾ,” ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ದಬದಬ ಗುದ್ದು, ನಗು, ಹಾಡು. ವೈಷ್ಣವಿ ಕಾಕಾರ ಕಡೆ ನೋಡಿ, ಕೃತಜ್ಞತೆಯಿಂದ ಕೈಮುಗಿದಳು. ಆ ಮನೆಯಲ್ಲಿ ಅವತ್ತು ಮನ್ಮಥಪ್ಪನವರಿಗೆ ಸಿಕ್ಕಿದ ಕೊನೆಯ ನಮಸ್ಕಾರ ಅದೇ, ಮತ್ತು ಅದೂ ತಪ್ಪು ಕಾರಣಕ್ಕೆ.

ಊಟಕ್ಕೆ ಬಡಿಸಿದರು. ಸುಧಾಕರ ಹೊರಗೇ ಇದ್ದ. ನಾವು ಹೊರಟಾಗ ಮಾತ್ರ ಗೇಟಿನ ಹತ್ತಿರ ನಿಂತಿದ್ದ. ಕಸ್ತೂರಿಬಾಯಿಗೆ ಕೈಮುಗಿದ. ಮನ್ಮಥಪ್ಪನವರ ಮುಖ ನೋಡದೆ ಕೇಳಿದ:

“ನಿನ್ನ ದೇವರು ಸಿಕ್ಕಿಬಿಟ್ಟಿದ್ದ. ನನ್ನನ್ನೂ ತಂದು ಹಾಕಿದ್ದೆ. ಮತ್ತೆ ಎರಡು ಸಲ ಯಾಕೆ ಹೋದೆ?”

ಮನ್ಮಥಪ್ಪ ಈ ಪ್ರಶ್ನೆಗೆ ಸಿದ್ಧರಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಮೊದಲನೇ ಸಲದ ಸುತ್ತಲೇ ಸುತ್ತಿ, ಉಳಿದೆರಡನ್ನು ಮರೆತೇಬಿಟ್ಟಿದ್ದರು.

“ನಿನ್ನ ಮುಖ ನೋಡ್ಲಿಕ್ಕೆ ಆಗಲಿಲ್ಲ,” ಎಂದರು. “ಗೋಡೆ ಹಿಂದೆ ನಿನ್ನ ಪಕ್ಕ ಕೂತ್ಕೊಳ್ಳೋದಕ್ಕಿಂತ ಅಲ್ಲಿ ಹೋಗೋದೇ ಸಲೀಸು ಅನ್ನಿಸ್ತು.”

“ಹ್ಞೂಂ,” ಎಂದ ಸುಧಾಕರ. ಗೇಟು ಹಾಕಿಕೊಂಡ.

ಹಿಂದಿರುಗುವ ಬಸ್ಸಿನಲ್ಲಿ ಕಸ್ತೂರಿಬಾಯಿ ಹೆಂಗಸರ ಸೀಟು ಬಿಟ್ಟು ಬಂದು ಗಂಡನ ಪಕ್ಕ ಕುಳಿತರು. ನಾನು ಹಿಂದಿನ ಸೀಟಿಗೆ ಸರಿದೆ, ಆದರೆ ಕಿವಿಯನ್ನು ಮುಂದೆಯೇ ಬಿಟ್ಟಿದ್ದೆ.

“ಏನ್ ನಡೀತು ಹೇಳ್ರಿ. ಬರುವಾಗ ತಬ್ಬಿದವ ಹೋಗುವಾಗ ಗೇಟ್ ಹಾಕ್ಕೊಂಡ.”

ಹೇಳಿದರು. ಕಸ್ತೂರಿಬಾಯಿ ಪೂರ್ತಿ ಕೇಳಿದರು. ನಾನು ಕಣ್ಣೀರನ್ನೋ ಬೈಗುಳವನ್ನೋ ನಿರೀಕ್ಷಿಸುತ್ತಿದ್ದೆ.

“ಶಿವದಾರ ಹರೀತು ಅಂದ್ರಿ. ನಾ ದೀಪಾವಳಿಗಿ ಅಂಚೆದಾಗ ಹೊಸಾದು ಕಳಿಸಿದ್ನಲ್ಲ, ಅದೆಲ್ಲಿತ್ತು?”

ಮನ್ಮಥಪ್ಪ ಕಿಟಕಿಯ ಹೊರಗೆ ನೋಡಿದರು.

“ಕೇಳ್ಲತ್ತೀನಿ. ಎಲ್ಲಿತ್ತು?”

“ಟ್ರಂಕಿನಾಗ.”

“ಟ್ರಂಕಿನಾಗ! ‘ಹಳೇದು ಸವದಾದ, ಬಂದ ದಿನಾನೇ ಬದಲಿಸ್ರಿ’ ಅಂತ ಪತ್ರ ಬರದಿದ್ದೆ.”

“ನಾಳೆ ಕಟ್ಕೊಂಡ್ರಾತು ಅಂದಿದ್ದೆ.”

“ಆ ಕಾಲು ನಿಮ್ಮ ಹಳ್ಳದಾಗ ಹೋಗಿಲ್ರಿ,” ಎಂದರು ಕಸ್ತೂರಿಬಾಯಿ. “ನಿಮ್ಮ ನಾಳೆದಾಗ ಹೋಗ್ಯಾದ. ಇಪ್ಪತ್ತು ವರ್ಷ ನಾ ಆ ದ್ರಾಕ್ಷಿ ತಲೀಮ್ಯಾಗ ಹೊತ್ತು ಹಂಚೀನಿ. ಹೇಳೋದಕ್ಕೂ ನಾಳೇನೇ ಅಂದ್ರಿ.”

ಬಸ್ಸು ವೈಜಾಪುರದಲ್ಲಿ ನಿಂತಿತು. ಅಲ್ಲಿ ಅವರು ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ಗಂಡನ ಕೈಗೆ ಕೊಟ್ಟರು. ಶತ್ರುವಿನ ಗುಂಡಿಗೆ ಅಳದ ಮನುಷ್ಯ ಬಾಳೆಹಣ್ಣು ತಿನ್ನುತ್ತ ಅತ್ತರು. ಬಾಯಿ ತುಂಬಿದ್ದರಿಂದ ಆಗಲೂ ತುಟಿಯಿಂದ ಶಬ್ದ ಹೊರಡಲಿಲ್ಲ.

ಜನವರಿ ಇಪ್ಪತ್ತಾರಕ್ಕೆ ಗುರುಬಸವ ಎಂದಿನಂತೆ ಕಾಗದ ಹಿಡಿದು ಬಂದ. ಮನ್ಮಥಪ್ಪ ಮೊದಲು ಅವನನ್ನು ಪಕ್ಕಕ್ಕೆ ಕರೆದು ಲಿಂಗದ ವಿಷಯವನ್ನೂ ಸೇರಿಸಿ ಓದಬೇಕೆಂದರು. ಗುರುಬಸವ ಬೆವತುಹೋದ. “ಅಣ್ಣಾರ, ಧ್ವಜದ ಮುಂದ ಅದೆಲ್ಲಾ ಹೆಂಗ ಓದಲಿ? ಮಂದಿ ನಗ್ತಾರ್ರಿ.” ಬಹಳ ಜಗ್ಗಾಟವಾಗಿ ಒಪ್ಪಂದವಾಯಿತು. ಲಿಂಗ ಬೇಡ, ಆದರೆ ಏಳೂ ಬೇಡ. “ಮೂರು ಅಂದ್ರ ಮೂರು. ನಾಲ್ಕು ಅಂದ್ರ ಮೈಕ್ ಕಸಗೋತೀನಿ.” ಗುರುಬಸವ ಮೂರು ಎಂದು ಓದಿದಾಗ ಸಭೆಯಲ್ಲಿ ನಾಲ್ಕು ಸಂಗಾತಿಗಳನ್ನು ಕಳೆದುಕೊಂಡ ದುಃಖ ಹರಡಿತು.

ಫೆಬ್ರುವರಿ ಬಂತು. ಎರಡನೇ ವಾರ ದಾಟಿತು. ಪೆಟ್ಟಿಗೆ ಬರಲಿಲ್ಲ. ಗಲ್ಲಿಯಲ್ಲಿ ಶೋಕ. ಕಾರಣ ಆ ದಂಪತಿಗಳನ್ನು ಬಿಟ್ಟರೆ ನನಗೊಬ್ಬನಿಗೆ ಗೊತ್ತಿತ್ತು, ನಾನು ಹೇಳಲಿಲ್ಲ. “ಅಕಾಲಿಕ ಮಳೆ, ನಾಸಿಕದಲ್ಲಿ ಬೆಳೆ ಹಾಳಂತೆ,” ಎಂದು ಸುಳ್ಳು ಹರಡಿದೆ. ಮನ್ಮಥಪ್ಪ ಡ್ಯೂಟಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಪಾರ್ಸೆಲ್ಲಿನ ಟೆಂಪೋ ತಿರುವಿನಲ್ಲಿ ಕಂಡರೆ ಏಳುತ್ತಿದ್ದರು, ಅದು ಮುಂದೆ ಹೋದರೆ ಕೂರುತ್ತಿದ್ದರು. ಇಪ್ಪತ್ತು ವರ್ಷ ಯಾವ ಪೆಟ್ಟಿಗೆ ಬರದಿರಲಿ ಎಂದು ಬೇಡಿಕೊಂಡಿದ್ದರೋ ಅದಕ್ಕೇ ಈಗ ಕಾವಲು. ಒಂದು ಸಂಜೆ ನನಗೆ ಹೇಳಿದರು, “ನಿಮಿಷ ಮತ್ತ ಹೆಚ್ಚಾಗ್ಲತ್ತಾವ ತಮ್ಮಾ.”

ತಿಂಗಳ ಕೊನೆಯ ದಿನ ಟೆಂಪೋ ನಿಂತಿತು.

ಪೆಟ್ಟಿಗೆ ಸಣ್ಣದು. ಎರಡು ಕಿಲೋ ಇರಬಹುದು. ‘ವೀರ ಜವಾನ್’ ಇರಲಿಲ್ಲ. ಕೆಂಪು ಮಸಿಯೂ ಇರಲಿಲ್ಲ. ಪೆನ್ನಿನಲ್ಲಿ ಬರೆದಿತ್ತು: ‘ಅಪ್ಪಾ, ವಾಳೂಜ್.’ ಒಳಗೆ ಪತ್ರವಿಲ್ಲ. ಮೇಲೆ ಆರಿಸಿಟ್ಟ ಚಂದದ ಗೊಂಚಲೂ ಇಲ್ಲ. ಕೈಗೆ ಸಿಕ್ಕಿದ್ದನ್ನು ತುಂಬಿ ಕಟ್ಟಿದ ಹಾಗಿತ್ತು, ದಪ್ಪ ಸಣ್ಣ ಎಲ್ಲ ಕಲೆತು.

ಕಸ್ತೂರಿಬಾಯಿ ಅಭ್ಯಾಸಬಲದಿಂದ ತಟ್ಟೆಗಳನ್ನು ತಂದರು. ನಾವು ಅಭ್ಯಾಸಬಲದಿಂದ ನಮ್ಮ ನಮ್ಮ ಬಾಗಿಲಿಗೆ ಬಂದೆವು. ಮನ್ಮಥಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತರು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿದರು. ಕಣ್ಣು ಕಿರಿದಾಯಿತು. ಇನ್ನೊಂದು ಹಾಕಿದರು.

ನಾನು ಏನೂ ಅರಿಯದವನಂತೆ ಪಕ್ಕದಲ್ಲಿ ಹೋಗಿ ನಿಂತೆ. “ಹೆಂಗವ ಅಣ್ಣಾರ?”

“ಹುಳಿ ಅವ.”

“ನೆಗಡಿ ಆಗ್ತದಲ್ರಿ ನಿಮಗ.”

“ಆಗ್ಲಿ.”

“ಒಂದೆರಡು ಕೊಡ್ರಿ, ಎಷ್ಟು ಹುಳಿ ಅವ ನೋಡ್ತೀನಿ.”

ಅವರು ಪೆಟ್ಟಿಗೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

“ಇವು ಹಂಚೋವಲ್ಲ ತಮ್ಮಾ,” ಎಂದರು, “ಇವು ನನಗ ಬಂದಾವ.”

ಕಸ್ತೂರಿಬಾಯಿ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಇಡೀ ಗಲ್ಲಿ ಬಾಗಿಲಲ್ಲಿ ನಿಂತು ಬಾಯಲ್ಲಿ ನೀರೂರಿಸಿಕೊಂಡು ನೋಡುತ್ತಿರುವಾಗ, ಹವಾಲ್ದಾರ್ ಮನ್ಮಥಪ್ಪನವರು ಒಂದೊಂದಾಗಿ, ಮುಖ ಕಿವಿಚುತ್ತ, ಎರಡು ಕಿಲೋ ದ್ರಾಕ್ಷಿಯನ್ನೂ ಒಬ್ಬರೇ ತಿಂದು ಮುಗಿಸಿದರು.